ನಿಮ್ಮ ಕಾಫಿಯೋ, ನಮ್ಮ ಕಾಫಿಯೋ

ನಾರ್ವೆಗೆ ಹೋಗಿ ಬಂದೆ ಅಂದ ತಕ್ಷಣ ಜಯನಗರದಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಆಕಾಶದಲ್ಲಿ ಹಸಿರು ಬೆಳಕು ಕುಣಿಯತ್ತಂತಲ್ಲ, ನೋಡಿದ್ರಾ?" ಇಲ್ಲ ಸ್ವಾಮಿ, ನೋಡಲಿಲ್ಲ. ನಾನು ಕಣ್ತುಂಬ ನೋಡಿ ಬಂದದ್ದು ಒಂದು ಆಪರೇಷನ್ ಥಿಯೇಟರಿನ ಛಾವಣಿ, ಅದೂ ಅಂಗಾತ ಮಲಗಿಕೊಂಡು. ಮೂವತ್ತು ವರ್ಷ ಬೇರೆಯವರನ್ನು ಹಾಗೆ ಮಲಗಿಸಿದವಳಿಗೆ ಆ ಛಾವಣಿ ಹೇಗಿರುತ್ತದೆ ಅನ್ನುವುದೇ ಗೊತ್ತಿರಲಿಲ್ಲ.

ನಾನು ಅರಿವಳಿಕೆ ಡಾಕ್ಟರು. ನಮ್ಮ ಕಡೆ ಜನ ಹೇಳುವ ಹಾಗೆ ಹೇಳಬೇಕೆಂದರೆ "ಮತ್ತು ಕೊಡೋ ಡಾಕ್ಟ್ರು". ಆಪರೇಷನ್ ಆದಮೇಲೆ ಎಲ್ಲರೂ ಸರ್ಜನ್ನಿಗೆ ಕೈ ಮುಗಿಯುತ್ತಾರೆ. ನನ್ನ ಮುಖ ಯಾರಿಗೂ ನೆನಪಿರುವುದಿಲ್ಲ. ನೆನಪಿರದ ಹಾಗೆ ಮಾಡುವುದೇ ನನ್ನ ಕೆಲಸವಾದ್ದರಿಂದ ದೂರುವ ಹಾಗೂ ಇಲ್ಲ.

ಜಯನಗರ, ಹೊರಡುವ ಮುಂಚೆ

ನಮ್ಮದು ಚಿಕ್ಕ ನರ್ಸಿಂಗ್ ಹೋಮ್. ಎರಡು ಥಿಯೇಟರು, ಒಂದು ಲಿಫ್ಟು, ಅದೂ ಮನಸ್ಸು ಬಂದರೆ ಕೆಲಸ ಮಾಡುತ್ತದೆ. ಥಿಯೇಟರಿನ ಸಿಸ್ಟರ್ ರೇಣುಕಾ. ಊರು ಬಾಗಲಕೋಟೆ ಕಡೆ. ಬಿಟಿಎಂನಲ್ಲಿ ಬಾಡಿಗೆ ಮನೆ, ಬೆಳಗ್ಗೆ ಆರೂವರೆಗೆ ಸ್ಕೂಟರಿನಲ್ಲಿ ಬಂದುಬಿಡುತ್ತಾಳೆ. ನಾನು ಬರುವಷ್ಟರಲ್ಲಿ ನನ್ನ ಮಷೀನು, ನನ್ನ ಔಷಧಿ, ನನ್ನ ಸ್ಟೂಲು ಎಲ್ಲವೂ ಸಿದ್ಧ. ನಮ್ಮ ದೇಶದಲ್ಲಿ ಮತ್ತು ಕೊಡುವುದು ಡಾಕ್ಟರೇ, ನರ್ಸು ಪಕ್ಕದಲ್ಲಿ ನಿಂತು ಕೈ ಜೋಡಿಸುತ್ತಾರೆ. ಅದನ್ನು ನಾನು ಯಾವತ್ತೂ ಮರೆತವಳಲ್ಲ, ಯಾರಿಗೂ ಮರೆಯಲು ಬಿಟ್ಟವಳೂ ಅಲ್ಲ.

ಹೊರಡುವ ಒಂದು ತಿಂಗಳ ಹಿಂದೆ ಒಂದು ಘಟನೆ ನಡೆಯಿತು. ಕತ್ರಿಗುಪ್ಪೆಯ ನಿವೃತ್ತ ಮೇಷ್ಟ್ರೊಬ್ಬರಿಗೆ ಹರ್ನಿಯಾ ಆಪರೇಷನ್. ಮತ್ತು ಕೊಡುವಾಗ ಹೊಟ್ಟೆ ಖಾಲಿ ಇರಬೇಕು. ಇಲ್ಲದಿದ್ದರೆ ಒಳಗಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದುಬಿಡಬಹುದು, ಅದರಿಂದ ಪ್ರಾಣಕ್ಕೇ ಕುತ್ತು. "ಏನೂ ತಿಂದಿಲ್ಲ ತಾನೆ?" ಅಂದೆ. "ಇಲ್ಲ ಡಾಕ್ಟ್ರೇ, ರಾತ್ರಿಯಿಂದ ಉಪವಾಸ" ಅಂದರು ಮೇಷ್ಟ್ರು. ಹಾಳೆಯ ಮೇಲೆ ಟಿಕ್ ಹಾಕಿದೆ.

ಥಿಯೇಟರಿನ ಬಾಗಿಲಲ್ಲಿ ರೇಣುಕಾ ನನ್ನನ್ನು ತಡೆದಳು. "ಮೇಡಂ, ಇವ್ರು ಕಾಫಿ ಕುಡ್ದಾರ್ರೀ. ಬಾಯಿಂದ ವಾಸ್ನಿ ಬರಾಕತ್ತೈತಿ. ಸ್ವಲ್ಪ ತಡೀರಿ."

ಸರ್ಜನ್ನು ಕೈ ತೊಳೆದು ನಿಂತಿದ್ದರು. ಎರಡನೇ ಕೇಸು ಹೊರಗೆ ಕಾಯುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಸಿಸ್ಟರ್, ಕೇಳೋದು ನನ್ನ ಕೆಲಸ, ನಾನು ಕೇಳಿದೀನಿ. ನಿಮ್ಮ ಕೆಲಸ ನೀವು ನೋಡ್ಕೊಳ್ಳಿ" ಅಂದೆ, ಎಲ್ಲರ ಎದುರಿಗೆ.

ಅವಳು ಹೋಗಿ ಮೇಷ್ಟ್ರ ತಲೆಯ ಹತ್ತಿರ ನಿಂತಳು. ನಾನು ಔಷಧಿ ಕೊಟ್ಟೆ, ಮೇಷ್ಟ್ರು ಕಣ್ಣು ಮುಚ್ಚಿದರು, ಮರುಕ್ಷಣ ಬಾಯಿ ತುಂಬ ವಾಂತಿ. ನಾನು "ಸಕ್ಷನ್" ಅಂತ ಬಾಯಿ ತೆರೆಯುವ ಮುಂಚೆಯೇ ವಾಂತಿ ಎಳೆದು ತೆಗೆಯುವ ಆ ಪೈಪು ಅವರ ಬಾಯೊಳಗಿತ್ತು, ಟೇಬಲ್ಲಿನ ತಲೆ ಕಡೆ ಕೆಳಗೆ ಬಾಗಿತ್ತು, ಅವರ ಮುಖ ಪಕ್ಕಕ್ಕೆ ಹೊರಳಿತ್ತು. ಎಲ್ಲ ರೇಣುಕಾಳ ಕೈ. ಹೀಗಾಗುತ್ತದೆಂದು ಅವಳು ಮೊದಲೇ ಎಲ್ಲ ಹಿಡಿದುಕೊಂಡು ನಿಂತಿದ್ದಳು. ಮೇಷ್ಟ್ರಿಗೆ ಏನೂ ಆಗಲಿಲ್ಲ. ಮಾರನೆಯ ದಿನ ಕೇಳಿದರೆ, "ಕಾಫಿ ಕುಡ್ದೆ ಅಷ್ಟೇ ಮೇಡಂ, ಕಾಫಿ ಏನು ತಿಂಡೀನಾ?" ಅಂದರು.

ಆಪರೇಷನ್ನಿನ ದಿನ ಸರ್ಜನ್ನು ಬೆನ್ನು ತಟ್ಟಿ, "ಸಖತ್ತಾಗಿ ಮ್ಯಾನೇಜ್ ಮಾಡಿದ್ರಿ ಡಾಕ್ಟ್ರೇ" ಅಂದರು. ತಟ್ಟಿದ್ದು ನನ್ನ ಬೆನ್ನು. ರೇಣುಕಾ ಅಲ್ಲೇ ನೆಲ ಒರೆಸುತ್ತಿದ್ದಳು. ನಾನು "ಏನೋ, ದೇವರ ದಯೆ" ಅಂದು ಹೊಗಳಿಕೆ ಜೇಬಿಗೆ ಹಾಕಿಕೊಂಡೆ.

ಒಂದು ವಾರದ ನಂತರ ರೇಣುಕಾ ಒಂದು ಅರ್ಜಿ ತಂದುಕೊಟ್ಟಳು. ಆಪರೇಷನ್ನಿಗೆ ಮುಂಚೆ ರೋಗಿಗಳನ್ನು ವಿಚಾರಿಸುವ ಕೆಲಸ ತನಗೂ ಕೊಡಬೇಕು, ಅನುಮಾನ ಬಂದರೆ ನಿಲ್ಲಿಸಿ ಅನ್ನುವ ಅಧಿಕಾರವೂ ಬೇಕು, ಅಷ್ಟೇ. ಮತ್ತು ಕೊಡುತ್ತೇನೆ ಅಂತ ಅವಳು ಕೇಳಿರಲಿಲ್ಲ. "ಧಾರವಾಡದಾಗ ಒಂದ್ ಆಸ್ಪತ್ರಿಯವ್ರು ಕರ್ಯಾಕತ್ತಾರ್ರೀ ಮೇಡಂ. ನೀವು ಸಹಿ ಮಾಡಿದ್ರ ಇಲ್ಲೇ ಇರ್ತೀನಿ. ಇಲ್ಲಾಂದ್ರ ನೀವು ಬಂದ ಮ್ಯಾಲೆ ನಾ ಬಿಡ್ತೀನಿ" ಅಂದಳು.

"ನೋಡೋಣ" ಅಂದೆ. ಅರ್ಜಿ ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ನಾರ್ವೆಗೆ ಹೊರಟಿತು.

ಟ್ರೊಂಡ್‌ಹೈಮ್, ಮೊದಲ ದಿನ

ನಾರ್ವೆಯ ಈ ಊರಿನ ಒಂದು ಆಸ್ಪತ್ರೆಯಲ್ಲಿ ಹೊರಗಿನ ಡಾಕ್ಟರುಗಳು ಎರಡು ವಾರ ಬಂದು ಕೆಲಸ ನೋಡಿಕೊಂಡು ಹೋಗಬಹುದು. ನಾನು ಹೋದದ್ದು ಹಾಗೆ. ಚಳಿಯ ವಿಷಯ ಹೇಳುವುದಿಲ್ಲ, ಹೇಳಿದರೆ ನೀವು ಶಾಲು ಹುಡುಕುತ್ತೀರಿ. ನನಗೆ ಚಳಿಗಿಂತ ಹೆಚ್ಚು ಕಷ್ಟವಾದದ್ದು ಮೌನ. ಬಸ್ಸಿನಲ್ಲಿ ನಲವತ್ತು ಜನ ಕೂತಿದ್ದರೂ ಒಂದು ಮಾತಿಲ್ಲ. ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಾರೆ, ಎಲ್ಲಿ ನಮ್ಮನ್ನು ಮುಟ್ಟಿಬಿಡುತ್ತೇವೋ ಅನ್ನುವ ಹಾಗೆ. ಬನಶಂಕರಿ ಬಸ್ಸಿನಲ್ಲಿ ಮೂರು ಸ್ಟಾಪು ಕಳೆಯುವಷ್ಟರಲ್ಲಿ ಪಕ್ಕದ ಆಂಟಿಗೆ ನನ್ನ ಸಂಬಳ, ಬಿಪಿ ಎರಡೂ ಗೊತ್ತಾಗಿರುತ್ತದೆ. ಇಲ್ಲಿ ಮೊದಲ ದಿನ ಸಂಜೆ ನಾನೇ ನನ್ನ ಜತೆ ಗಟ್ಟಿಯಾಗಿ ಕನ್ನಡ ಮಾತಾಡಿಕೊಂಡೆ.

ಮೊದಲ ದಿನವೇ ಎಡವಟ್ಟು. ಥಿಯೇಟರಿನಲ್ಲಿ ರೋಗಿಯ ತಲೆಯ ಹತ್ತಿರ, ನಾನು ಕೂರುವ ಜಾಗದಲ್ಲಿ, ಬೆಳ್ಳಿ ಕೂದಲಿನ ಹೆಂಗಸೊಬ್ಬರು ಕೂತು ಔಷಧಿ ಕೊಡುತ್ತಿದ್ದರು. ಎಷ್ಟು ಚೊಕ್ಕ ಕೈ ಅಂತೀರಿ! ಅಷ್ಟರಲ್ಲಿ ಒಬ್ಬ ಎತ್ತರದ ಯುವಕ ನನಗೆ ಕುರ್ಚಿ ತಂದುಹಾಕಿ, ಕೆಳಗೆ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆ ಎತ್ತಿ ಕಸದ ಡಬ್ಬಿಗೆ ಹಾಕಿ ಹೋದ. ಕೆಲಸ ಮುಗಿದ ಮೇಲೆ ನಾನು ಆಕೆಯ ಕೈ ಕುಲುಕಿ, "ಡಾಕ್ಟರ್, ತುಂಬ ಚೆನ್ನಾಗಿ ಮಾಡಿದಿರಿ" ಅಂದೆ.

"ನಾನು ನರ್ಸ್, ಇಂಗ್ರಿಡ್" ಅಂದರು ಆಕೆ. "ಡಾಕ್ಟರು ಹೆನ್ರಿಕ್. ನಿಮಗೆ ಕುರ್ಚಿ ತಂದುಕೊಟ್ಟನಲ್ಲ, ಅವನು."

ನಾನು ಆ ಹೆನ್ರಿಕ್‌ನ ಕೈಗೆ ನನ್ನ ಕೋಟು ಕೊಟ್ಟು "ಸ್ವಲ್ಪ ಎಲ್ಲಾದರೂ ತೂಗುಹಾಕಪ್ಪ" ಅಂದಿದ್ದೆ. ಪುಣ್ಯಾತ್ಮ, ತೂಗುಹಾಕಿಯೂ ಇದ್ದ.

ಅಲ್ಲಿ ಕೆಲಸ ಹಂಚಿಕೊಳ್ಳುವ ರೀತಿಯೇ ಬೇರೆ. ನರ್ಸಿಂಗ್ ಓದಿ, ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಅರಿವಳಿಕೆಯದೇ ಪ್ರತ್ಯೇಕ ಓದು ಮುಗಿಸಿದ ನರ್ಸುಗಳು ಮತ್ತು ಕೊಡುತ್ತಾರೆ. ರೋಗಿಗೆ ಏನು, ಹೇಗೆ ಎಂದು ತೀರ್ಮಾನಿಸುವವನು ಡಾಕ್ಟರು. ಮತ್ತು ಬರಿಸುವಾಗ ಇಬ್ಬರೂ ಇರುತ್ತಾರೆ. ಆಮೇಲೆ ಡಾಕ್ಟರು ಪಕ್ಕದ ಥಿಯೇಟರಿಗೆ ಹೋಗುತ್ತಾನೆ, ನರ್ಸು ರೋಗಿಯ ತಲೆಯ ಹತ್ತಿರದಿಂದ ಏಳುವುದೇ ಇಲ್ಲ. ಕರೆದರೆ ಡಾಕ್ಟರು ಒಂದು ನಿಮಿಷದಲ್ಲಿ ಹಾಜರು.

ನನಗೆ ಒಳಗೊಳಗೇ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನಾನು ಎಂಬಿಬಿಎಸ್ಸು, ಅದರ ಮೇಲೆ ಎಂಡಿ, ಕಣ್ಣು ಕೆಂಪಗಾಗಿಸಿಕೊಂಡು ಓದಿದ್ದು ಯಾಕೆ ಹಾಗಾದರೆ? ಇವರ ಜನ ಕಡಿಮೆ, ದೇಶ ಚಿಕ್ಕದು, ಇವರಿಗೆ ನಡೆಯುತ್ತದೆ ಅಂತ ಡೈರಿಯಲ್ಲಿ ಬರೆದುಕೊಂಡೆ. ಬ್ಯಾಗಿನಲ್ಲಿದ್ದ ರೇಣುಕಾಳ ಅರ್ಜಿಗೆ ಇದೇ ಉತ್ತರ ಅಂತಲೂ ಅಂದುಕೊಂಡೆ.

ಊಟದ ಕೋಣೆ

ಮಧ್ಯಾಹ್ನ ಎಲ್ಲರೂ ಮನೆಯಿಂದ ತಂದ ಬ್ರೆಡ್ಡು ತಿನ್ನುತ್ತಾರೆ. ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ತೆಳು ಕಾಗದ. ಮೇಲೆ ಕಂದು ಬಣ್ಣದ ಚೀಸು, ಬಾಯಿಗಿಟ್ಟರೆ ಅರ್ಧ ಬರ್ಫಿ ಅರ್ಧ ಉಪ್ಪು. ಸರ್ಜನ್ನು, ನರ್ಸು, ನೆಲ ಒರೆಸುವಾಕೆ ಎಲ್ಲ ಒಂದೇ ಮೇಜು, ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಎರಡು ವಾರದಲ್ಲಿ ಯಾರೂ ನನ್ನನ್ನು "ಡಾಕ್ಟರ್" ಅನ್ನಲಿಲ್ಲ. ಮೊದಲ ಮೂರು ದಿನ ಏನೋ ಕಳೆದುಕೊಂಡ ಹಾಗಿತ್ತು, ಆಮೇಲೆ ರೂಢಿಯಾಯಿತು.

ಇನ್ನು ಅವರ ಕಾಫಿ! ಕಪ್ಪಗೆ, ತೆಳ್ಳಗೆ, ಹಾಲಿಲ್ಲ, ಸಕ್ಕರೆಯಿಲ್ಲ. ಅದನ್ನೇ ದಿನಕ್ಕೆ ಏಳೆಂಟು ಸಲ ಕುಡಿಯುತ್ತಾರೆ. ತಡೆಯಲಾರದೆ ಐದನೆಯ ದಿನ ನಾನು ರೂಮಿನಿಂದ ಸ್ಟೀಲ್ ಫಿಲ್ಟರ್ರು, ಜಯನಗರದಲ್ಲಿ ಕಣ್ಣೆದುರೇ ಬೀಸಿಸಿ ತಂದಿದ್ದ ಪುಡಿ ಹೊತ್ತುಕೊಂಡು ಹೋದೆ. ಡಿಕಾಕ್ಷನ್ ಇಳಿಸಿ, ಗಟ್ಟಿ ಹಾಲು ಕಾಯಿಸಿ, ನೊರೆ ಬರುವ ಹಾಗೆ ಎತ್ತಿ ಹೊಯ್ದು ಇಂಗ್ರಿಡ್ ಕೈಗೆ ಕೊಟ್ಟೆ. ಮೇಜಿನ ತುಂಬ ಜನ ಮಾತು ನಿಲ್ಲಿಸಿ ನೋಡಿದರು. ಮೊದಲೇ ಮಾತಾಡುತ್ತಿರಲಿಲ್ಲ ಅನ್ನಿ.

ಇಂಗ್ರಿಡ್ ಒಂದು ಗುಟುಕು ಕುಡಿದು ಲೋಟದೊಳಗೆ ಬಗ್ಗಿ ನೋಡಿದರು. "ಇದರಲ್ಲಿ ಹಾಲೆಷ್ಟು?"

"ಮುಕ್ಕಾಲು ಭಾಗ."

"ಇದು ಕಾಫಿ ಅಲ್ಲ" ಅಂದರು ಗಂಭೀರವಾಗಿ. "ಇದು ಊಟ." ಆದರೆ ಲೋಟ ಖಾಲಿ ಮಾಡಿಯೇ ಕೆಳಗಿಟ್ಟರು. ಆ ಮೇಲೆ ಆಕೆ ನನಗೆ ಗೆಳತಿಯಾದರು.

ಹತ್ತನೆಯ ದಿನ, ಮಂಜುಗಡ್ಡೆ

ಅಲ್ಲಿ ಚಳಿಗಾಲದಲ್ಲಿ ಮುದುಕಿಯರು ಕೂಡ ಬೂಟಿನ ಕೆಳಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು ಟಕಟಕ ನಡೆದು ಹೋಗುತ್ತಾರೆ. ಇಂಗ್ರಿಡ್ ನನಗೂ ಒಂದು ಜೊತೆ ಕೊಟ್ಟಿದ್ದರು. ಮಳೆಗಾಲದ ಕುಮಾರಸ್ವಾಮಿ ಲೇಔಟಿನ ಇಳಿಜಾರಿನಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು ಓಡಾಡಿದವಳು ನಾನು, ಮುಳ್ಳು ಯಾಕೆ ಬೇಕು ಅಂತ ಕೋಣೆಯಲ್ಲೇ ಬಿಟ್ಟಿದ್ದೆ. ಹತ್ತನೆಯ ದಿನ ಬೆಳಗ್ಗೆ ಏಳೂವರೆಗೆ ಮೆಟ್ಟಿಲಿಳಿದೆ. ಎರಡನೇ ಮೆಟ್ಟಿಲು ನೆನಪಿದೆ. ಮೂರನೆಯದು ಇಲ್ಲ. ಬಲಗೈ ಊರಿ ಬಿದ್ದೆ, ಮಣಿಕಟ್ಟು ಚಮಚದ ಆಕಾರಕ್ಕೆ ತಿರುಗಿತ್ತು.

ನಾನು ಕೆಲಸ ನೋಡಲು ಹೋಗುತ್ತಿದ್ದ ಆಸ್ಪತ್ರೆಗೇ ರೋಗಿಯಾಗಿ ಸೇರಿದೆ. ಮೂಳೆಗೆ ಪ್ಲೇಟು ಹಾಕಬೇಕು ಅಂದರು. ಹನ್ನೊಂದು ಗಂಟೆಗೆ ಥಿಯೇಟರು ಖಾಲಿ ಇದೆ ಎಂದರು. ಕೈಯನ್ನಷ್ಟೇ ಮರಗಟ್ಟಿಸಿದರೂ ಆಗುತ್ತಿತ್ತು, ನಾನೇ ಪೂರ್ತಿ ಮತ್ತು ಕೊಡಿ ಅಂದೆ. ಎಚ್ಚರವಿದ್ದರೆ ಮಾನಿಟರ್ ನೋಡಿಕೊಂಡು ಎಲ್ಲರಿಗೂ ಪಾಠ ಹೇಳುತ್ತಿರುತ್ತೇನೆ ಅಂತ ನನಗೆ ಗೊತ್ತಿತ್ತು. ಒಳಗೆ ಮಾತ್ರ ಜೀವ ಪುಕಪುಕ ಅನ್ನುತ್ತಿತ್ತು. ಪರದೇಶ, ಬಲಗೈ, ನನ್ನ ಕಸುಬಿನ ಕೈ. ಬೇಗ ಮುಗಿದುಹೋದರೆ ಸಾಕು ಅನ್ನಿಸಿತ್ತು.

ಹತ್ತೂವರೆಗೆ ಇಂಗ್ರಿಡ್ ಹಾಳೆ ಹಿಡಿದುಕೊಂಡು ಬಂದು ಹಾಸಿಗೆಯ ಪಕ್ಕ ಕೂತರು. ಗೆಳತಿಯ ಮುಖ ಪಕ್ಕಕ್ಕಿಟ್ಟು ಮೊದಲಿನಿಂದ ಎಲ್ಲವನ್ನೂ ಕೇಳಿದರು, ನಾನು ಡಾಕ್ಟರೆಂಬುದೇ ಗೊತ್ತಿಲ್ಲದ ಹಾಗೆ.

"ಏನಾದರೂ ತಿಂದಿದ್ದೀರಾ?"

"ಇಲ್ಲ, ರಾತ್ರಿಯಿಂದ ಏನೂ ಇಲ್ಲ."

"ಕುಡಿದದ್ದು?"

"ಬರೀ ಕಾಫಿ."

ಅಲ್ಲಿನ ನಿಯಮದಲ್ಲಿ ಕಪ್ಪು ಕಾಫಿ ನೀರಿಗೆ ಸಮ, ಎರಡು ಗಂಟೆ ಕಳೆದರೆ ಸಾಕು. ಹಾಲು ಸೇರಿದರೆ ಊಟದ ಲೆಕ್ಕ, ಆರು ಗಂಟೆಯಾದರೂ ಕಾಯಬೇಕು. ಬೇರೆ ಯಾರಾದರೂ ಆಗಿದ್ದರೆ ಟಿಕ್ ಹಾಕಿ ಎದ್ದು ಹೋಗುತ್ತಿದ್ದರು. ನಾನಾಗಿದ್ದರೂ ಅಷ್ಟೇ. ಇಂಗ್ರಿಡ್ ಪೆನ್ನು ಎತ್ತಿದವರು ಹಾಗೇ ತಡೆದು ನನ್ನ ಮುಖ ನೋಡಿದರು.

"ನಿಮ್ಮ ಕಾಫಿಯೋ, ನಮ್ಮ ಕಾಫಿಯೋ?"

ಏಳು ಗಂಟೆಗೆ ಕೋಣೆಯಲ್ಲಿ ಫಿಲ್ಟರ್ ಕಾಫಿ, ದೊಡ್ಡ ಲೋಟದಲ್ಲಿ ಎರಡು ಸಲ. ಸುಮಾರು ಅರ್ಧ ಲೀಟರ್ ಗಟ್ಟಿ ಹಾಲು. ಮೂವತ್ತು ವರ್ಷ "ಬರೀ ಕಾಫಿ ಕುಡ್ದೆ ಮೇಡಂ" ಅಂದವರನ್ನೆಲ್ಲ ಉಗಿದು ಉಪ್ಪಿನಕಾಯಿ ಹಾಕಿದವಳು ನಾನು. ಅದೇ ಎರಡು ಮಾತು ನನ್ನ ಬಾಯಿಂದಲೇ ಬಂದಿತ್ತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ದೇವರಾಣೆ. ನಮಗೆ ಕಾಫಿ ಲೆಕ್ಕಕ್ಕೇ ಬರುವುದಿಲ್ಲ, ಬೆಳಗಾದದ್ದರ ಗುರುತು ಅದು.

"ನಮ್ಮದು" ಅಂದೆ, ತಲೆ ತಗ್ಗಿಸಿ.

"ಹಾಗಾದರೆ ನಿಲ್ಲಿಸುತ್ತೇನೆ. ನೋವಿನಲ್ಲಿ ಹೊಟ್ಟೆ ಖಾಲಿಯಾಗುವುದು ಇನ್ನೂ ನಿಧಾನ. ಮೂರು ಗಂಟೆಗೆ ನೋಡೋಣ."

ತಪ್ಪು ನನ್ನದು ಅಂತ ಗೊತ್ತಿದ್ದೂ ಬುದ್ಧಿ ಬರಲಿಲ್ಲ ನೋಡಿ. ಹೆನ್ರಿಕ್ ಬಂದಾಗ ಅವನ ಹತ್ತಿರ ಪಟ್ಟು ಹಿಡಿದೆ. "ನಾನೂ ಇದೇ ಕಸುಬಿನವಳು. ವಾಂತಿ ಮೇಲೆ ಬರುವ ಮುಂಚೆಯೇ ಗಂಟಲಿಗೆ ಟ್ಯೂಬು ಹಾಕಿ ಮಾಡಬಹುದು, ನನ್ನ ಜವಾಬ್ದಾರಿ" ಅಂದೆ. ಅವನು ಇಂಗ್ರಿಡ್ ಕಡೆ ನೋಡಿದ, ನನ್ನ ಕಡೆ ನೋಡಿದ. ದನಿ ಏರಿಸಲಿಲ್ಲ.

"ಇಂಗ್ರಿಡ್ ನಿಲ್ಲಿಸಿದ್ದಾರೆ. ಅಂದರೆ ನಿಂತಿದೆ" ಅಂದ. ಸರ್ಜನ್ನಿಗೆ ಫೋನ್ ಮಾಡಿ ಅದನ್ನೇ ಹೇಳಿದ. ಆ ಕಡೆಯಿಂದಲೂ ಜಗಳವಿಲ್ಲ, ಗೊಣಗಾಟವಿಲ್ಲ. ಹಾಸಿಗೆ ಪಕ್ಕಕ್ಕೆ ತಳ್ಳಿದರು, ಮುಂದಿನ ರೋಗಿಯನ್ನು ಕರೆದುಕೊಂಡರು.

ಮೂರು ಗಂಟೆಯವರೆಗೆ ನನಗೆ ಮಾಡಲು ಕೆಲಸವಿರಲಿಲ್ಲ. ಮುರಿದ ಕೈ ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದೆ. "ಸ್ವಲ್ಪ ತಡೀರಿ ಮೇಡಂ" ಅನ್ನುವ ದನಿ ಕಿವಿಯಲ್ಲಿ ಮತ್ತೆ ಮತ್ತೆ ಬಂತು. ಇಂಗ್ರಿಡ್ ಹೇಳಿದ್ದಕ್ಕೂ ರೇಣುಕಾ ಹೇಳಿದ್ದಕ್ಕೂ ಏನು ವ್ಯತ್ಯಾಸ? ಇಬ್ಬರೂ ರೋಗಿಯ ಹತ್ತಿರ ಬಗ್ಗಿ ನೋಡಿದ್ದರು, ಇಬ್ಬರೂ ಕಾಫಿಯನ್ನೇ ಹಿಡಿದಿದ್ದರು. ಒಬ್ಬರು ನಿಲ್ಲಿಸಿದಾಗ ಇಡೀ ಥಿಯೇಟರು ನಿಂತಿತು. ಇನ್ನೊಬ್ಬಳು ನಿಲ್ಲಿಸಿದಾಗ ನಾನು ಅವಳ ಮುಖಕ್ಕೆ ಮಂಗಳಾರತಿ ಎತ್ತಿದೆ. ನನಗೆ ನಾಚಿಕೆಯಾಯಿತು. ಅಳುವೂ ಬಂತು. ಕೈ ನೋವಿಗೆ ಅಂತ ತಿಳಿದು ಯಾರೋ ನೋವಿನ ಔಷಧಿ ಕೊಟ್ಟು ಹೋದರು.

ಛಾವಣಿ

ಥಿಯೇಟರಿನ ಛಾವಣಿಯಲ್ಲಿ ಒಂದು ದೀಪದ ಪಕ್ಕ ಸಣ್ಣ ಬಿರುಕಿತ್ತು. ಹೆನ್ರಿಕ್ ಎಡಗಡೆ ನಿಂತಿದ್ದ. ಇಂಗ್ರಿಡ್ ನನ್ನ ತಲೆಯ ಹತ್ತಿರ ಕೂತು ಎರಡೂ ಕೈ ನನ್ನ ಕೆನ್ನೆಗಳ ಪಕ್ಕ ಇಟ್ಟುಕೊಂಡರು. ಕೆಳಗಿನಿಂದ ನೋಡಿದರೆ ಮುಖ ತಲೆಕೆಳಗಾಗಿ ಕಾಣುತ್ತದೆ. ನನ್ನ ರೋಗಿಗಳೆಲ್ಲ ಕೊನೆಗೆ ನೋಡುವುದು ಹೀಗೆ ತಲೆಕೆಳಗಾದ ನನ್ನ ಸಿಡುಕು ಮುಖವನ್ನೇ ಅಂತ ಹೊಳೆದು ಪಾಪ ಅನ್ನಿಸಿತು.

ನಾವು ಮತ್ತು ಬರಿಸುವಾಗ "ಮನೆದೇವ್ರು ಯಾವ್ದು? ಮಕ್ಕಳೆಷ್ಟು?" ಅಂತ ಕೇಳುತ್ತೇವೆ. ಇಂಗ್ರಿಡ್ ಕೇಳಿದ್ದು ಬೇರೆ. "ನಾನು ಇಲ್ಲೇ ಇರುತ್ತೇನೆ, ಏಳುವವರೆಗೂ. ನಿಮ್ಮ ಊರಿನಲ್ಲಿ ಈ ಜಾಗದಲ್ಲಿ ಯಾರಿರುತ್ತಾರೆ?"

ಉತ್ತರ ಹೇಳುವಷ್ಟರಲ್ಲಿ ನಾನಿರಲಿಲ್ಲ.

ಎಚ್ಚರವಾದಾಗ ಅದೇ ಮುಖ, ಈಗ ನೆಟ್ಟಗಿತ್ತು. "ರೇಣುಕಾ ಅಂದರೆ ಯಾರು?" ಅಂತ ಕೇಳಿದರು ಇಂಗ್ರಿಡ್. "ಏಳುವಾಗ ಮೂರು ಸಲ ಕರೆದಿರಿ."

ಅರೆಮಂಪರಿನಲ್ಲಿ ಹೇಳಿಬಿಟ್ಟೆ. ಮೇಷ್ಟ್ರು, ಕಾಫಿ, ವಾಂತಿ, ಸಕ್ಷನ್, ನನ್ನ ಬೆನ್ನು ತಟ್ಟಿದ್ದು, ಅರ್ಜಿ, ಎಲ್ಲ. ಯಾರಿಗೂ ಹೇಳದ್ದನ್ನು ಹೇಳಿದ್ದು ಅದೇ ಮೊದಲು. ಇಂಗ್ರಿಡ್ ಪೂರ್ತಿ ಕೇಳಿಸಿಕೊಂಡರು.

"ಇದನ್ನು ಅವರಿಗೆ ಹೇಳಿದ್ದೀರಾ?"

"ಇಲ್ಲ."

ಆ ದೇಶದವರು ಉಪದೇಶ ಮಾಡುವುದಿಲ್ಲ. ಇಂಗ್ರಿಡ್ ಎದ್ದುಹೋಗಿ ಒಂದು ಲೋಟ ಕಪ್ಪು ಕಾಫಿ ತಂದುಕೊಟ್ಟರು. ಎಡಗೈಯಲ್ಲಿ ಹಿಡಿದು ಕುಡಿದೆ. ಕಷಾಯದ ಹಾಗಿತ್ತು, ಪೂರ್ತಿ ಕುಡಿದೆ.

ಮತ್ತೆ ಜಯನಗರ

ಬಂದು ಮೂರನೆಯ ದಿನ ನರ್ಸಿಂಗ್ ಹೋಮಿಗೆ ಹೋದೆ. ಬಲಗೈ ಮೊಣಕೈವರೆಗೆ ಪಟ್ಟಿಯೊಳಗಿತ್ತು. ಬೆಳಗಿನ ಆಪರೇಷನ್ನುಗಳು ಮುಗಿದಿದ್ದವು. ಸರ್ಜನ್ನು ಟೀ ಕುಡಿಯುತ್ತಿದ್ದರು, ರೇಣುಕಾ ಮೂಲೆಯಲ್ಲಿ ನಿಂತು ಸಾಮಾನು ಎಣಿಸುತ್ತಿದ್ದಳು. ನನ್ನ ಕೈ ನೋಡಿ ಓಡಿ ಬಂದಳು. "ಅಯ್ಯ ಮೇಡಂ! ಏನ್ ಮಾಡ್ಕೊಂಡ್ ಬಂದ್ರಿ ಇದು? ಯಾರ್ ನೋಡ್ಕೊಂಡ್ರು ಅಲ್ಲಿ ನಿಮ್ನ?"

"ಒಬ್ಬ ನರ್ಸ್ ನೋಡ್ಕೊಂಡ್ರು" ಅಂದೆ.

ಬ್ಯಾಗಿನಿಂದ ಅರ್ಜಿ ತೆಗೆದು ಮೇಜಿನ ಮೇಲಿಟ್ಟೆ. ಬಲಗೈ ನೆಟ್ಟಗಿದ್ದಾಗ ಮಾಡದ ಸಹಿಯನ್ನು ಎಡಗೈಯಲ್ಲಿ ಮಾಡಲು ಕೂತೆ. ಒಂದನೇ ಕ್ಲಾಸಿನ ಮಗು ಬರೆದ ಹಾಗೆ ಅಕ್ಷರ ಒಂದೊಂದು ಒಂದೊಂದು ಕಡೆ ಹೋಯಿತು. ಸರ್ಜನ್ನು ಬಗ್ಗಿ ಓದಿ, "ಏನ್ ಡಾಕ್ಟ್ರೇ, ಇವ್ರು ನಿಲ್ಲಿಸಿ ಅಂದ್ರೆ ನಾನೂ ನಿಲ್ಲಿಸ್ಬೇಕಾ?" ಅಂದರು.

"ಹೌದು ಸಾರ್, ನಾನೂ ನಿಲ್ಲಿಸ್ಬೇಕು. ಮತ್ತು ಕೊಡೋದು ನಾನೇ. ಆದ್ರೆ ಇವ್ರು ತಡೀರಿ ಅಂದ್ರೆ ತಡೀತೀನಿ."

ರೇಣುಕಾ ಅರ್ಜಿಯನ್ನೇ ನೋಡುತ್ತಿದ್ದಳು. ಎಲ್ಲರ ಎದುರಿಗೆ ಬೈದವಳು ಎಲ್ಲರ ಎದುರಿಗೇ ಹೇಳಬೇಕಲ್ಲ.

"ಸಾರ್, ಕತ್ರಿಗುಪ್ಪೆ ಮೇಷ್ಟ್ರ ಕೇಸಲ್ಲಿ ನೀವು ನನ್ನ ಬೆನ್ನು ತಟ್ಟಿದ್ರಲ್ಲ. ಅವತ್ತು ಅವ್ರನ್ನ ಉಳಿಸಿದ್ದು ನಾನಲ್ಲ, ರೇಣುಕಾ. ಮೊದ್ಲೇ ಹೇಳಿದ್ರು, ನಾನೇ ಕೇಳ್ಲಿಲ್ಲ. ತಪ್ಪು ನಂದು." ಆಮೇಲೆ ಅವಳ ಕಡೆ ತಿರುಗಿದೆ. "ರೇಣುಕಾ, ಇಷ್ಟು ದಿನ ನಿಮಗೂ ಹೇಳ್ಲಿಲ್ಲ. ಆ ಮನುಷ್ಯನ ಜೀವ ಉಳಿದಿದ್ದು ನಿಮ್ಮಿಂದ."

ರೇಣುಕಾ ಅರ್ಜಿಯನ್ನು ಎರಡು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡಳು. ಅರ್ಧಕ್ಕೆ ಬಿಟ್ಟಿದ್ದ ಸಾಮಾನು ಮತ್ತೆ ಒಂದರಿಂದ ಎಣಿಸಲು ಶುರುಮಾಡಿದಳು. ನನ್ನ ಕಡೆ ತಿರುಗಲಿಲ್ಲ.

"ಗೊತ್ತೈತ್ರಿ ಮೇಡಂ" ಅಂದಳು. "ನಾ ಅಲ್ಲೇ ಇದ್ನಲ್ರೀ."